ಡ್ಯಾಂಡೆಲಿಯನ್ ಬೇರು ಕ್ಯಾನ್ಸರ್ ಓಡಿಸುತ್ತದೆಯೇ? ಆ ಗಿಡವನ್ನು ಸೊಪ್ಪಿನ ಸಾಲಿಗೆ ಸೇರಿಸಿದ ಚೀನಾದ ವೈದ್ಯ ಲಿ ಶಿಜೆನ್ ಕಥೆ

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಳದಿ ಹೂವು, ಗಾಳಿಗೆ ಹಾರಲು ಕಾದಿರುವ ಬಿಳಿ ನಾರಿನ ಚೆಂಡು, ಪಕ್ಕದಲ್ಲಿ ಹಬೆಯಾಡುವ ಒಂದು ಲೋಟ ಕಷಾಯ. ಡ್ಯಾಂಡೆಲಿಯನ್ ಬೇರಿನ ಕಷಾಯ 48 ಗಂಟೆಯೊಳಗೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದಂತೆ, ಚೀನಾದವರಿಗೆ ಇದು ಸಾವಿರಾರು ವರ್ಷಗಳಿಂದ ಗೊತ್ತಂತೆ, ಆಸ್ಪತ್ರೆಯವರು ಮುಚ್ಚಿಟ್ಟಿದ್ದಾರಂತೆ, ಹತ್ತು ಜನರಿಗೆ ಕಳಿಸಬೇಕಂತೆ. (ಗಿಡದ ಹೆಸರಿಗೂ ನಮ್ಮ ದಾಂಡೇಲಿಗೂ ಸಂಬಂಧವಿಲ್ಲ. ಎಲೆಯ ಅಂಚು ಸಿಂಹದ ಹಲ್ಲಿನಂತಿದೆ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರದು.)

ಇದರಲ್ಲಿ ಅರ್ಧ ಮಾತು ನಿಜ. ಚೀನಾದ ವೈದ್ಯಗ್ರಂಥಗಳಲ್ಲಿ ಈ ಗಿಡ ಕ್ರಿ.ಶ. 659ರಿಂದಲೇ ಇದೆ. ಅಲ್ಲಿ ಅದರ ಹೆಸರು ಪುಗೊಂಗ್‌ಯಿಂಗ್. ಆದರೆ ಅದನ್ನು ಯಾವ ಕಾಯಿಲೆಗೆ ಬರೆದಿದ್ದರು, ಆ ಪರಂಪರೆಯ ಅತಿ ದೊಡ್ಡ ವೈದ್ಯ ಅದನ್ನು ಪರಿಶೀಲಿಸಿ ಎಲ್ಲಿಟ್ಟ ಎಂಬುದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಆ ವೈದ್ಯನ ಹೆಸರು ಲಿ ಶಿಜೆನ್. ಅವನ ಬದುಕನ್ನು ತಿಳಿದರೆ ಈ ಫಾರ್ವರ್ಡಿಗೆ ಉತ್ತರ ಅಲ್ಲೇ ಸಿಗುತ್ತದೆ.

ಕೃಷ್ಣದೇವರಾಯನ ಕಾಲದ ಹುಡುಗ

ಲಿ ಶಿಜೆನ್ ಹುಟ್ಟಿದ್ದು 1518ರಲ್ಲಿ, ಚೀನಾದ ಈಗಿನ ಹುಬೆ ಪ್ರಾಂತ್ಯದ ಚಿಝೌ ಎಂಬ ಊರಿನಲ್ಲಿ. ಹೊಸಪೇಟೆ, ಹಂಪಿ ಕಡೆಯವರಿಗೆ ಈ ಕಾಲವನ್ನು ನೆನಪಿಡುವುದು ಸುಲಭ. ಆಗ ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. ರಾಣಿ ನಾಗಲಾದೇವಿಯ ಹೆಸರಲ್ಲಿ ಕಟ್ಟಿಸಿದ ನಾಗಲಾಪುರ, ಅಂದರೆ ಇಂದಿನ ಹೊಸಪೇಟೆ, ಅವನ ಕಾಲದ ಊರು. ಚೀನಾ ನಮಗೆ ಅಷ್ಟೇನೂ ಅಪರಿಚಿತವಾಗಿರಲಿಲ್ಲ. ಬುಕ್ಕರಾಯ 1374ರಲ್ಲೇ ಮಿಂಗ್ ಚಕ್ರವರ್ತಿಯ ಬಳಿಗೆ ದೂತರನ್ನು ಕಳಿಸಿದ್ದ. ಹಂಪಿಯ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ.

ಲಿ ಶಿಜೆನ್‌ನ ತಾತ ಊರೂರು ಅಲೆದು ಗಂಟೆ ಅಲ್ಲಾಡಿಸಿ ಮದ್ದು ಕೊಡುತ್ತಿದ್ದ ಬೀದಿ ವೈದ್ಯ. ತಂದೆ ಲಿ ಯಾನ್‌ವೆನ್ ಒಂದು ಮೆಟ್ಟಿಲು ಮೇಲೆ ಹೋಗಿ ಊರಿನಲ್ಲಿ ಹೆಸರು ಮಾಡಿದ್ದ. ಆದರೂ ಆ ಕಾಲದ ಚೀನಾದಲ್ಲಿ ವೈದ್ಯನಿಗೆ ಅಂಥ ಮರ್ಯಾದೆ ಇರಲಿಲ್ಲ. ಮರ್ಯಾದೆ, ಸಂಬಳ, ಅಧಿಕಾರ ಎಲ್ಲ ಇದ್ದದ್ದು ಸರ್ಕಾರಿ ಪರೀಕ್ಷೆ ಪಾಸು ಮಾಡಿದವರಿಗೆ. ಇಂದು ಕೆಎಎಸ್, ಐಎಎಸ್ ಎಂದು ಮಕ್ಕಳನ್ನು ಕೋಚಿಂಗಿಗೆ ಕಳಿಸುವ ಅಪ್ಪಂದಿರಂತೆ ಯಾನ್‌ವೆನ್ ಕೂಡ ಮಗನನ್ನು ಓದಿಗೆ ಹಚ್ಚಿದ. ಹುಡುಗ 14ನೇ ವಯಸ್ಸಿಗೆ ಮೊದಲ ಹಂತ ದಾಟಿದ. ಪ್ರಾಂತ್ಯ ಮಟ್ಟದ ಪರೀಕ್ಷೆಗೆ ಮೂರು ಸಲ ಕೂತ, ಮೂರು ಸಲವೂ ಫೇಲಾದ.

ಈ ನಡುವೆ, ಸುಮಾರು 20ನೇ ವಯಸ್ಸಿನಲ್ಲಿ, ಅವನಿಗೆ ಕೆಟ್ಟ ಕೆಮ್ಮು, ಬಿಡದ ಜ್ವರ ಬಂತು. ಏನು ಕೊಟ್ಟರೂ ಇಳಿಯಲಿಲ್ಲ, ಉಳಿಯುವುದಿಲ್ಲ ಎಂದೇ ಎಲ್ಲರೂ ತಿಳಿದರು. ಕೊನೆಗೆ ತಂದೆ ಹತ್ತಾರು ಮೂಲಿಕೆಗಳ ಮಿಶ್ರಣ ಬಿಟ್ಟು ಹುವಾಂಗ್‌ಚಿನ್ ಎಂಬ ಒಂದೇ ಬೇರಿನ ಕಷಾಯ ಕೊಟ್ಟ. ಮರುದಿನ ಜ್ವರ ಬಿಟ್ಟಿತು. ಇದನ್ನು ಲಿ ಶಿಜೆನ್ ಮುಂದೆ ತನ್ನ ಪುಸ್ತಕದಲ್ಲೇ ಬರೆದುಕೊಂಡಿದ್ದಾನೆ. ಒಬ್ಬ ರೋಗಿಗೆ ಒಮ್ಮೆ ವಾಸಿಯಾದರೆ ಅದು ಔಷಧಿಯಿಂದಲೇ ಆಯಿತೋ, ಜ್ವರ ತಾನಾಗಿಯೇ ಇಳಿಯುವ ಹೊತ್ತಿಗೆ ಔಷಧಿ ಬಂತೋ ಹೇಳಲಾಗದು. ಅದಕ್ಕೇ ಇಂದು ನೂರಾರು ಜನರ ಮೇಲೆ ಹೋಲಿಸಿ ನೋಡುತ್ತಾರೆ. 1538ರ ಹೊತ್ತಿನಲ್ಲಿ ಆ ಪದ್ಧತಿ ಜಗತ್ತಿನ ಎಲ್ಲೂ ಇರಲಿಲ್ಲ. ಸಾಯುವುದರಿಂದ ಪಾರಾದ ಹುಡುಗನಿಗೆ ಮಾತ್ರ ಅದು ಸಾಕಾಯಿತು. ಮೂರನೇ ಸೋಲಿನ ನಂತರ ಅವನು ಪರೀಕ್ಷೆಯ ಆಸೆ ಬಿಟ್ಟು ತಂದೆಯ ಜೊತೆ ವೈದ್ಯಕ್ಕೆ ಕೂತ.

ಹಳೆಯ ಪುಸ್ತಕದ ತಪ್ಪುಗಳು

ವೈದ್ಯ ಮಾಡುತ್ತಾ ಹೋದಂತೆ ಅವನಿಗೆ ಒಂದು ಅಪಾಯ ಕಣ್ಣಿಗೆ ಬಿತ್ತು. ವೈದ್ಯರೆಲ್ಲ ನಂಬಿದ್ದ ದೊಡ್ಡ ಔಷಧಿ ಗ್ರಂಥ ಸುಮಾರು 450 ವರ್ಷ ಹಳೆಯದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿ, ಅದಕ್ಕೆ ಮತ್ತೊಬ್ಬರು ಸೇರಿಸಿ ಬೆಳೆದದ್ದು. ಒಂದೇ ಗಿಡಕ್ಕೆ ಎರಡು ಹೆಸರಲ್ಲಿ ಎರಡು ಪುಟ, ಎರಡು ಬೇರೆ ಗಿಡಗಳಿಗೆ ಸೇರಿಸಿ ಒಂದೇ ಪುಟ. ವಿಷವಿದ್ದದ್ದನ್ನು ವಿಷವಿಲ್ಲ ಎಂದು ಬರೆದಿತ್ತು. ನಮ್ಮ ಫಾರ್ವರ್ಡುಗಳ ಹಾಗೆಯೇ: ಕಳಿಸಿದವರು ದೊಡ್ಡವರು, ಆದ್ದರಿಂದ ಯಾರೂ ತಿರುಗಿ ನೋಡಿರಲಿಲ್ಲ.

ಚೂ ಪ್ರಾಂತ್ಯದ ರಾಜಕುಮಾರನ ಮಗನನ್ನು ವಾಸಿ ಮಾಡಿದ್ದಕ್ಕೆ ಅವನಿಗೆ ಅರಮನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಬೀಜಿಂಗಿನ ಚಕ್ರವರ್ತಿಯ ವೈದ್ಯಾಲಯಕ್ಕೂ ಕರೆ ಬಂತು. ಪರೀಕ್ಷೆಯಲ್ಲಿ ಸಿಗದ ಸರ್ಕಾರಿ ಕೆಲಸ ವೈದ್ಯದಿಂದ ಸಿಕ್ಕಿತ್ತು. ಆದರೂ ಅವನು ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ.

ಆಗಿನ ಚಕ್ರವರ್ತಿ ಜಿಯಾಜಿಂಗ್‌ಗೆ ಅಮರನಾಗುವ ಹುಚ್ಚು. ಪಾದರಸದಂಥ ಲೋಹಗಳನ್ನು ಬೆರೆಸಿದ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದ ಅವನು 1567ರಲ್ಲಿ ಸತ್ತ, ಆ ಗುಳಿಗೆಗಳ ವಿಷವೇ ಕಾರಣವೆಂದು ಇತಿಹಾಸಕಾರರ ಅಭಿಪ್ರಾಯ. ಅದೇ ದೇಶದಲ್ಲಿ ಕೂತು ಲಿ ಶಿಜೆನ್ ಬರೆದದ್ದೇನು ಗೊತ್ತೇ? ಪಾದರಸ ತಿಂದರೆ ಆಯುಷ್ಯ ಹೆಚ್ಚುತ್ತದೆ ಎಂಬ ಹಳೆಯ ಗ್ರಂಥಗಳ ಮಾತು ಸುಳ್ಳು, ಅದನ್ನು ನಂಬಿ ಎಷ್ಟೋ ಜನ ಸತ್ತಿದ್ದಾರೆ ಎಂದು. ನಮಗೆ ಅವನ ಮೇಲೆ ಗೌರವ ಹುಟ್ಟುವುದು ಮೊದಲು ಇಲ್ಲೇ. ಏನು ಬೆರೆಸಿದ್ದಾರೆಂದು ಲೇಬಲ್ಲೇ ಇಲ್ಲದ ಭಸ್ಮ, ಗುಳಿಗೆ ತಿಂದು ಸೀಸ, ಪಾದರಸದ ವಿಷವೇರಿಸಿಕೊಂಡವರು ಇಂದಿಗೂ ಆಸ್ಪತ್ರೆಗೆ ಬರುತ್ತಾರೆ.

ಬೆಸ್ತರು, ರೈತರು, ಬೇಟೆಗಾರರು

1552ರ ಸುಮಾರಿಗೆ ಅವನು ಕೆಲಸ ಶುರು ಮಾಡಿದ. ಮುಗಿದದ್ದು 1578ರಲ್ಲಿ. ಈ ನಡುವೆ, 1565ರಲ್ಲಿ, ತಾಳಿಕೋಟೆ ಯುದ್ಧ ನಡೆದು ಹಂಪಿ ಹಾಳಾಯಿತು. ಆಗ ಲಿ ಶಿಜೆನ್‌ಗೆ 47 ವರ್ಷ, ಪುಸ್ತಕ ಅರ್ಧ ದಾರಿಯಲ್ಲಿತ್ತು. ಸುಮಾರು 800 ಪುಸ್ತಕ ಓದಿದ. ಇಡೀ ಗ್ರಂಥವನ್ನು ಮೂರು ಸಲ ತಿದ್ದಿ ಬರೆದ.

ಓದಿದ್ದಕ್ಕಿಂತ ಹೆಚ್ಚು ಬೆಲೆಬಾಳುವುದು ಅವನು ಕೇಳಿದ್ದು, ನೋಡಿದ್ದು. ಮೀನಿನ ಬಗ್ಗೆ ಬೆಸ್ತರನ್ನು, ಸೊಪ್ಪಿನ ಬಗ್ಗೆ ರೈತರನ್ನು, ಪ್ರಾಣಿಯ ಬಗ್ಗೆ ಬೇಟೆಗಾರರನ್ನು ಕೇಳಿದ. ಚಿಪ್ಪುಹಂದಿಯ ವಿಷಯ ತೆಗೆದುಕೊಳ್ಳಿ. ಅದು ಇರುವೆ ತಿನ್ನುತ್ತದೆ ಎಂದು ಹಳೆಯ ಗ್ರಂಥ ಹೇಳಿತ್ತು. ಲಿ ಶಿಜೆನ್ ಒಂದು ಚಿಪ್ಪುಹಂದಿಯ ಹೊಟ್ಟೆ ಕೊಯ್ದು ನೋಡಿದ, ಒಳಗೆ ಸೇರಿನಷ್ಟು ಇರುವೆ ಇದ್ದವು. ಹಳೆಯ ಮಾತು ಸರಿಯೆಂದು ಬರೆದ. ದುರದೃಷ್ಟವೆಂದರೆ ಅದರ ಚಿಪ್ಪನ್ನು ಔಷಧಿ ಎಂದೂ ದಾಖಲಿಸಿದ. ಚಿಪ್ಪು ನಮ್ಮ ಉಗುರಿನಂಥದೇ ವಸ್ತು, ಅದರಿಂದ ಯಾವ ಕಾಯಿಲೆಯೂ ವಾಸಿಯಾದ ಪುರಾವೆಯಿಲ್ಲ. ಆದರೂ ಆ ನಂಬಿಕೆಗೆ ಲಕ್ಷಾಂತರ ಪ್ರಾಣಿಗಳು ಬಲಿಯಾಗಿವೆ. ಚೀನಾ ತನ್ನ ಅಧಿಕೃತ ಔಷಧಿ ಗ್ರಂಥದ ಪಟ್ಟಿಯಿಂದ ಚಿಪ್ಪನ್ನು ಕೈಬಿಟ್ಟದ್ದು 2020ರಲ್ಲಿ. ಹೊಸಪೇಟೆ, ಕಂಪ್ಲಿ ಹತ್ತಿರದ ದರೋಜಿ ಕರಡಿಧಾಮದಲ್ಲೂ ಚಿಪ್ಪುಹಂದಿ ಇದೆ, ಅದನ್ನು ಹಿಡಿಯುವುದು, ಮಾರುವುದು ಕಾನೂನಿನ ಪ್ರಕಾರ ಗಂಭೀರ ಅಪರಾಧ.

ಉಮ್ಮತ್ತಿ ಜಾತಿಯ ಗಿಡದ ಕಥೆ ಇನ್ನೂ ಸ್ವಾರಸ್ಯದ್ದು. ನಗುತ್ತಾ ಅದರ ಹೂ ಕಿತ್ತು ಹೆಂಡಕ್ಕೆ ಹಾಕಿದರೆ ಕುಡಿದವನು ನಗುತ್ತಾನೆ, ಕುಣಿಯುತ್ತಾ ಕಿತ್ತರೆ ಕುಣಿಯುತ್ತಾನೆ ಎಂದು ಜನ ಹೇಳುತ್ತಿದ್ದರು. ಲಿ ಶಿಜೆನ್ ತಾನೇ ಕುಡಿದು ನೋಡಿದ. ಅರ್ಧ ಮತ್ತೇರಿದಾಗ ಎದುರಿಗಿದ್ದವನು ನಕ್ಕರೆ ನಗು, ಕುಣಿದರೆ ಕುಣಿತ ಬರುತ್ತದೆ ಎಂದು ಕಂಡುಕೊಂಡ. ಅಂದರೆ ಕೀಳುವ ಕೈಗೂ ಪರಿಣಾಮಕ್ಕೂ ಸಂಬಂಧವಿಲ್ಲ. (ನೀವು ಇದನ್ನು ಪರೀಕ್ಷಿಸಬೇಡಿ. ಉಮ್ಮತ್ತಿ ಬೀಜ ತಿಂದು ಸತ್ತವರಿದ್ದಾರೆ.)

ಅವನನ್ನು ಇಂದಿನ ವಿಜ್ಞಾನಿ ಎಂದು ಬಿಂಬಿಸುವುದೂ ಸರಿಯಲ್ಲ. ಕೊಳೆತ ಹುಲ್ಲಿನಿಂದ ಮಿಂಚುಹುಳ ಹುಟ್ಟುತ್ತದೆ ಎಂಬುದನ್ನು ಅವನು ಒಪ್ಪಿಕೊಂಡಿದ್ದ. ಕೇಳಿದರೆ ಮುಖ ಸಿಂಡರಿಸುವಂಥ ಮದ್ದುಗಳೂ ಅವನ ಪುಸ್ತಕದಲ್ಲಿವೆ. ಪುಸ್ತಕದಲ್ಲಿ 52 ಭಾಗಗಳು, 1,892 ವಸ್ತುಗಳು, 11,096 ಔಷಧ ಯೋಗಗಳು. ಇಷ್ಟನ್ನೂ ಒಬ್ಬ ಮನುಷ್ಯ ಪರೀಕ್ಷಿಸಲಾರ. ಹೆಸರು ಬೆನ್‌ತ್ಸಾವ್ ಗಾಂಗ್‌ಮು, ಅಂದರೆ ಔಷಧ ವಸ್ತುಗಳನ್ನು ವಿಂಗಡಿಸಿದ ಗ್ರಂಥ. ವಿಂಗಡಣೆಯೇ ಅದರ ಜೀವಾಳ.

27ನೇ ಭಾಗದಲ್ಲಿ ಡ್ಯಾಂಡೆಲಿಯನ್

ಅವನಿಗಿಂತ ಮೊದಲು ಪುಗೊಂಗ್‌ಯಿಂಗ್ ಔಷಧಿ ಮೂಲಿಕೆಗಳ ಸಾಲಿನಲ್ಲಿತ್ತು. ಲಿ ಶಿಜೆನ್ ಅದನ್ನು ಅಲ್ಲಿಂದ ತೆಗೆದು 27ನೇ ಭಾಗಕ್ಕೆ, ತರಕಾರಿ ಮತ್ತು ಸೊಪ್ಪುಗಳ ನಡುವೆ ಹಾಕಿದ. ಬದಲಾಯಿಸಿದ್ದೇನೆ ಎಂದು ಒಂದು ಟಿಪ್ಪಣಿಯನ್ನೂ ಬರೆದ. ಎಳೆಯ ಗಿಡವನ್ನು ತಿನ್ನಬಹುದು, ವಿಷವಿಲ್ಲ, ಕಾಂಡ, ಎಲೆ, ಹೂವು, ಹಾರುವ ನಾರು ಎಲ್ಲವೂ ಕಹಿ ಸೊಪ್ಪೊಂದನ್ನು ಹೋಲುತ್ತವೆ, ಗಾತ್ರ ಮಾತ್ರ ಸಣ್ಣದು ಎಂದು ವಿವರಿಸಿದ. ಅವನಿಗೂ ಮುಂಚೆ, 1406ರಲ್ಲಿ, ಝು ಸು ಎಂಬ ರಾಜಕುಮಾರ ಬರಗಾಲದಲ್ಲಿ ತಿಂದು ಬದುಕಬಹುದಾದ 414 ಗಿಡಗಳ ಪುಸ್ತಕ ಮಾಡಿಸಿದ್ದ. ಡ್ಯಾಂಡೆಲಿಯನ್ ಅದರಲ್ಲೂ ಇತ್ತು. ಬಡವರು ಅದನ್ನು ಹೊಟ್ಟೆಗೇ ತಿನ್ನುತ್ತಿದ್ದರು.

ಮದ್ದಿನ ಉಪಯೋಗವನ್ನೂ ಅವನು ಬಿಡಲಿಲ್ಲ. 659ರ ಗ್ರಂಥದಿಂದ ಬಂದ ಮುಖ್ಯ ಉಪಯೋಗ ಒಂದೇ: ಹಾಲೂಡಿಸುವ ತಾಯಿಯ ಎದೆ ಬಾತು ಕೀವಾದಾಗ ಗಿಡದ ಕಷಾಯ ಕುಡಿಸುವುದು, ಅರೆದು ಮೇಲೆ ಹಚ್ಚುವುದು. ಹಲ್ಲಿಗೆ ಉಜ್ಜಿದರೆ ಗಡ್ಡ, ಕೂದಲು ಕಪ್ಪಾಗುತ್ತದೆ ಎಂಬುದನ್ನೂ ಸೇರಿಸಿದ. ಕೊನೆಯದನ್ನು ಓದಿ ನೀವು ನಕ್ಕರೆ ತಪ್ಪಿಲ್ಲ. ಇಂದಿನ ಫಾರ್ವರ್ಡು ಹೇಳುವ ಕ್ಯಾನ್ಸರಿನ ಕಷಾಯ ಅಲ್ಲಿಲ್ಲ.

ಈಗ ನಮ್ಮ ಊರಿಗೆ ಬರೋಣ. ಡ್ಯಾಂಡೆಲಿಯನ್ ತಂಪು ನಾಡಿನ ಗಿಡ, ಹಿಮಾಲಯದಂಥ ಜಾಗದಲ್ಲಿ ಬೆಳೆಯುತ್ತದೆ. ಹೊಸಪೇಟೆಯ ಬಿಸಿಲಿನ ಊರಲ್ಲಿ ರಸ್ತೆಬದಿಗೆ ಹುಡುಕಿದರೆ ಸಿಗುವುದು ಹೆಚ್ಚಾಗಿ ಬೇರೆ ಹಳದಿ ಹೂವಿನ ಕಳೆ. ಆದರೆ ಅದರ ಸಂಬಂಧಿಯೊಂದು ನಿಮ್ಮ ತಟ್ಟೆಯಲ್ಲೇ ಇದೆ: ಹತ್ತರಕಿ. ಜೋಳದ ರೊಟ್ಟಿ, ಶೇಂಗಾ ಪುಡಿ, ಹಸಿ ಈರುಳ್ಳಿ ಜೊತೆಗೆ ಹಸಿಯಾಗಿಯೇ ತಿನ್ನುವ ಆ ಸೊಪ್ಪು. ಮುರಿದರೆ ಬಿಳಿ ಹಾಲು, ಬಿಟ್ಟರೆ ಹಳದಿ ಹೂವು, ಒಣಗಿದರೆ ಹಾರುವ ನಾರು. ಉತ್ತರ ಕರ್ನಾಟಕದ ಅಡುಗೆ ವಿಡಿಯೊಗಳಲ್ಲಿ ಇದನ್ನೇ ಡ್ಯಾಂಡೆಲಿಯನ್ ಎಂದು ಕರೆಯುವುದುಂಟು. ಅದು ಅಷ್ಟು ಸರಿಯಲ್ಲ. ಹತ್ತರಕಿ ಲೌನಿಯಾ ಕುಲದ್ದು, ಡ್ಯಾಂಡೆಲಿಯನ್ ಟರಾಕ್ಸಕಮ್ ಕುಲದ್ದು. ಎರಡೂ ಒಂದೇ ದೊಡ್ಡ ಕುಟುಂಬದ ದಾಯಾದಿಗಳು, ಸಲಾಡಿಗೆ ಹಾಕುವ ಲೆಟಿಸ್ ಕೂಡ ಅದೇ ಬಳಗ. ಡ್ಯಾಂಡೆಲಿಯನ್‌ನಲ್ಲಿ ಎಲೆಯೆಲ್ಲ ನೆಲಕ್ಕಂಟಿ, ಎಲೆಯಿಲ್ಲದ ಪೊಳ್ಳು ದಂಟಿನ ತುದಿಗೆ ಒಂದೇ ಹೂವು. ಹತ್ತರಕಿಯ ದಂಟು ಕವಲೊಡೆದು ಹಲವು ಹೂ ಬಿಡುತ್ತದೆ.

ಲಿ ಶಿಜೆನ್ ಕಂಪ್ಲಿಯ ಸಂತೆಗೆ ಬಂದಿದ್ದರೆ ಹತ್ತರಕಿಯನ್ನು ಯಾವ ಸಾಲಿಗೆ ಹಾಕುತ್ತಿದ್ದ ಎಂದು ಊಹಿಸಲು ಕಷ್ಟವಿಲ್ಲ. ಸೊಪ್ಪು ಮಾರುವವಳನ್ನು ಕೇಳಿಯೇ ಬರೆಯುತ್ತಿದ್ದ.

ಹಾಗಾದರೆ 48 ಗಂಟೆಯ ಮಾತು ಎಲ್ಲಿಂದ ಬಂತು?

ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದಿಂದ. ಅಲ್ಲಿನ ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳಿಗೆ ಡ್ಯಾಂಡೆಲಿಯನ್ ಬೇರಿನ ಸಾರ ಹಾಕಿದಾಗ 48 ಗಂಟೆಯಲ್ಲಿ 95%ಕ್ಕೂ ಹೆಚ್ಚು ಕೋಶಗಳು ಸತ್ತವು. 2016ರಲ್ಲಿ ಇದು ಪ್ರಕಟವಾಯಿತು. ಸಂಶೋಧನೆ ನಿಜವೇ. ಆದರೆ ಗಾಜಿನ ತಟ್ಟೆಯಲ್ಲಿ ಕೋಶಗಳು ಸಾರದಲ್ಲೇ ಮುಳುಗಿರುತ್ತವೆ. ನೀವು ಕುಡಿದ ಕಷಾಯ ಹೊಟ್ಟೆಯಲ್ಲಿ ಜೀರ್ಣವಾಗಿ, ಯಕೃತ್ತು ದಾಟಿ, ಐದು ಲೀಟರ್ ರಕ್ತದಲ್ಲಿ ತೆಳುವಾಗಿ ಗಡ್ಡೆಯವರೆಗೆ ಎಷ್ಟು ತಲುಪುತ್ತದೆ? ತಟ್ಟೆಯಲ್ಲಿ ಬ್ಲೀಚಿಂಗ್ ಪುಡಿ ಹಾಕಿದರೂ ಕ್ಯಾನ್ಸರ್ ಕೋಶ ಸಾಯುತ್ತದೆ. ಮನುಷ್ಯರಲ್ಲಿ ಡ್ಯಾಂಡೆಲಿಯನ್ ಕ್ಯಾನ್ಸರ್ ವಾಸಿ ಮಾಡುತ್ತದೆ ಎಂದು ಇದುವರೆಗೆ ಸಾಬೀತಾಗಿಲ್ಲ.

ಹಾಗಂತ ಗಿಡದಿಂದ ಔಷಧಿ ಬರುವುದೇ ಇಲ್ಲ ಎಂದೇನಲ್ಲ. ಲಿ ಶಿಜೆನ್ ಪುಸ್ತಕದಲ್ಲೂ ಇರುವ ಚಿಂಗ್‌ಹಾವ್ ಎಂಬ ಗಿಡದಿಂದ ಟು ಯೂಯೂ ಎಂಬ ವಿಜ್ಞಾನಿ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ತೆಗೆದರು, 2015ರಲ್ಲಿ ನೊಬೆಲ್ ಬಂತು. ಆದರೆ ಹಳೆಯ ಪುಸ್ತಕದ ಸಾಲು ಅವರಿಗೆ ಸುಳಿವು ಮಾತ್ರ ಆಗಿತ್ತು. ಸಾರ ಬೇರ್ಪಡಿಸಿ, ಪ್ರಾಣಿಗಳ ಮೇಲೆ, ನಂತರ ತಮ್ಮ ಮೇಲೆ, ಆಮೇಲೆ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು.

ಎದೆ ಬಾವಿನ ವಿಷಯ ಇದಕ್ಕಿಂತ ಹತ್ತಿರದ್ದು, ಏಕೆಂದರೆ ಇದು ಪ್ರತಿ ಓಣಿಯಲ್ಲೂ ಆಗುವಂಥದು. ಬಾಣಂತಿಯ ಎದೆ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಸೊಪ್ಪು ಅರೆದು ಕಟ್ಟಿ ದಿನ ಕಳೆಯಬೇಡಿ. ಸಾಮಾನ್ಯವಾಗಿ ಮಗುವಿಗೆ ಹಾಲು ಕೊಡುವುದನ್ನು ನಿಲ್ಲಿಸಬೇಕಿಲ್ಲ. ತಣ್ಣೀರು ಬಟ್ಟೆ, ವೈದ್ಯರು ಹೇಳಿದ ನೋವಿನ ಮಾತ್ರೆಯಿಂದ ಎಷ್ಟೋ ಜನರಿಗೆ ಇಳಿಯುತ್ತದೆ. ಒಂದು ದಿನದಲ್ಲಿ ಇಳಿಯದಿದ್ದರೆ, ಅಥವಾ ಗಂಟಾಗಿ ಕೀವು ತುಂಬಿದರೆ, ಆ್ಯಂಟಿಬಯಾಟಿಕ್ ಬೇಕಾಗಬಹುದು, ಸೂಜಿಯಿಂದ ಕೀವು ತೆಗೆಯಬೇಕಾಗಬಹುದು. ಲಿ ಶಿಜೆನ್ ಕಾಲದಲ್ಲಿ ಆ್ಯಂಟಿಬಯಾಟಿಕ್ ಇರಲಿಲ್ಲ, ಅವನ ರೋಗಿಗಳಲ್ಲಿ ಎಷ್ಟು ತಾಯಂದಿರು ಉಳಿದರು ಎಂಬ ಲೆಕ್ಕವೂ ಪುಸ್ತಕದಲ್ಲಿಲ್ಲ. ಇಂದು ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೆ ಸಾಕು.

ಸೊಪ್ಪಾಗಿ ನೋಡಿದರೆ ಡ್ಯಾಂಡೆಲಿಯನ್ ಒಳ್ಳೆಯದೇ. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 187 ಮಿ.ಗ್ರಾಂ ಕ್ಯಾಲ್ಸಿಯಂ, 3 ಮಿ.ಗ್ರಾಂ ಕಬ್ಬಿಣ, 397 ಮಿ.ಗ್ರಾಂ ಪೊಟ್ಯಾಸಿಯಂ, 778 ಮೈಕ್ರೊಗ್ರಾಂ ವಿಟಮಿನ್ ಕೆ ಇದೆ. ಕೊನೆಯ ಎರಡು ಕೆಲವರಿಗೆ ತೊಂದರೆ. ಹೃದಯದ ವಾಲ್ವ್ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುವವರು ದಿಢೀರನೆ ಇಂಥ ಸೊಪ್ಪನ್ನು ಹೆಚ್ಚಿಸಿದರೆ ಮಾತ್ರೆಯ ಬಲ ಕುಗ್ಗುತ್ತದೆ. ಕಿಡ್ನಿ ಕೈಕೊಟ್ಟವರಿಗೆ ಪೊಟ್ಯಾಸಿಯಂ ಅಪಾಯ. ಪಿತ್ತನಾಳದಲ್ಲಿ ಕಲ್ಲಿರುವವರು ಬೇರಿನ ಕಷಾಯದ ತಂಟೆಗೆ ಹೋಗಬಾರದು. ಮೂತ್ರ ಹೆಚ್ಚಿಸುತ್ತದೆ ಎಂಬ ಮಾತಿಗೆ ಇರುವ ಆಧಾರ 2009ರ ಒಂದು ಪುಟ್ಟ ಅಧ್ಯಯನ, 17 ಜನರ ಮೇಲೆ ಒಂದೇ ದಿನ ನಡೆದದ್ದು. ಆನ್‌ಲೈನಿನಲ್ಲಿ ದುಬಾರಿ ಡ್ಯಾಂಡೆಲಿಯನ್ ಪುಡಿ ತರಿಸುವ ಬದಲು ಸಂಡೂರಿನ ಸಂತೆಯಲ್ಲಿ ಒಂದು ಕಟ್ಟು ಸೊಪ್ಪು ಕೊಳ್ಳಿ ಎಂಬುದು ನಮ್ಮ ಸಲಹೆ.

ಅವನು ನೋಡದ ಪುಸ್ತಕ

1578ರಲ್ಲಿ ಹಸ್ತಪ್ರತಿ ಮುಗಿಯಿತು, ಅಚ್ಚು ಹಾಕುವವರು ಸಿಗಲಿಲ್ಲ. ಸುಮಾರು 19 ಲಕ್ಷ ಅಕ್ಷರ, 1,100ರಷ್ಟು ಚಿತ್ರ. ಪ್ರತಿ ಪುಟಕ್ಕೂ ಮರದ ಹಲಗೆ ಕೆತ್ತಬೇಕು, ಹೆಸರಿಲ್ಲದ ಊರ ವೈದ್ಯನ ಪುಸ್ತಕಕ್ಕೆ ಅಷ್ಟು ಹಣ ಯಾರು ಹಾಕುತ್ತಾರೆ? 1580ರಲ್ಲಿ ಅವನು ಹಸ್ತಪ್ರತಿ ಹೊತ್ತು ದೇಶದ ಪ್ರಸಿದ್ಧ ಸಾಹಿತಿ ವಾಂಗ್ ಶಿಜೆನ್ ಬಳಿ ಮುನ್ನುಡಿ ಕೇಳಲು ಹೋದ. (ಕನ್ನಡದಲ್ಲಿ ಬರೆದರೆ ಇಬ್ಬರ ಹೆಸರೂ ಒಂದೇ ಥರ, ಚೀನೀ ಅಕ್ಷರ ಬೇರೆ.) ಆಗ ಅವನಿಗೆ 62. ಮುನ್ನುಡಿ ಕೈಗೆ ಬಂದದ್ದು 1590ರಲ್ಲಿ, ಹತ್ತು ವರ್ಷದ ನಂತರ. ಅದರ ಬಲದಿಂದ ನಾನ್‌ಜಿಂಗ್‌ನ ಹು ಚೆಂಗ್‌ಲಾಂಗ್ ಎಂಬ ಪ್ರಕಾಶಕ ಹಲಗೆ ಕೆತ್ತಿಸಲು ಒಪ್ಪಿದ. ಚಿತ್ರಗಳ ಕೆಲಸದಲ್ಲಿ ಮಕ್ಕಳು ಕೈಜೋಡಿಸಿದರು.

1593ರಲ್ಲಿ ಲಿ ಶಿಜೆನ್ ತೀರಿಕೊಂಡ. ಪುಸ್ತಕ ಹೊರಬಂದದ್ದು 1596ರಲ್ಲಿ. ಅದೇ ವರ್ಷ ಮಗ ಲಿ ಜಿಯಾನ್‌ಯುವಾನ್ ಒಂದು ಪ್ರತಿಯನ್ನು ಚಕ್ರವರ್ತಿ ವಾನ್‌ಲಿಗೆ ಒಪ್ಪಿಸಿದ. ಪುಸ್ತಕ ನೋಡಲು ಇರಲಿ, ಇಲಾಖೆಗೆ ತಿಳಿಸಿ ಎಂಬರ್ಥದ ಒಂದು ಸಾಲಿನ ಷರಾ ಬಿತ್ತು, ಕಡತ ಅಲ್ಲಿಗೆ ನಿಂತಿತು. ಆದರೆ 1603ರಲ್ಲಿ ಜಿಯಾಂಗ್‌ಷಿಯಲ್ಲಿ ಮತ್ತೆ ಅಚ್ಚಾಯಿತು, ಕೆಲವೇ ವರ್ಷಗಳಲ್ಲಿ ಜಪಾನಿಗೆ ಹೋಯಿತು, ಮುಂದೆ ಯುರೋಪಿಗೂ ತಲುಪಿತು. 2011ರಲ್ಲಿ ಯುನೆಸ್ಕೊ ಅದನ್ನು ಜಗತ್ತಿನ ಸ್ಮೃತಿ ಪಟ್ಟಿಗೆ ಸೇರಿಸಿದೆ. 1596ರ ಮೊದಲ ಮುದ್ರಣದ ಪ್ರತಿಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ.